ಚಲನೆಯ ಪಾಠ: ವೇಗ, ವೇಗೋತ್ಕರ್ಷ, ಬಲಗಳನ್ನು ಬಿಡಿಸಿ ನೋಡುವ ಬಗೆ

ಪ್ರೌಢಶಾಲೆಯ ವಿಜ್ಞಾನದಲ್ಲಿ ಚಲನೆಯ ಅಧ್ಯಾಯವು ಕಠಿಣವೆಂಬ ಹೆಸರು ಪಡೆದಿರುವುದಕ್ಕೆ ಅದರಲ್ಲಿ ಬರುವ ಮೂರು ಸಮೀಕರಣಗಳು ಕಾರಣವಲ್ಲ. ಅವುಗಳ ಗಣಿತವು ಕೂಡುವುದು, ಗುಣಿಸುವುದು, ವರ್ಗ ಮಾಡುವುದು ಇಷ್ಟರಲ್ಲೇ ಮುಗಿಯುತ್ತದೆ. ವಸ್ತು ಎಲ್ಲಿದೆ, ಅದರ ಸ್ಥಾನ ಎಷ್ಟು ಬೇಗ ಬದಲಾಗುತ್ತಿದೆ, ಹಾಗೆ ಬದಲಾಗುವ ವೇಗವೇ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ದಿನಬಳಕೆಯ ಮಾತು ಒಂದಾಗಿ ಬೆರೆಸಿಬಿಡುವುದರಿಂದಲೇ ತೊಡಕು ಹುಟ್ಟುತ್ತದೆ. ಈ ಮೂರನ್ನೂ ಬಿಡಿಸಿಟ್ಟುಕೊಂಡು, ಬಲಕ್ಕೆ ನೇರವಾದ ನಂಟಿರುವುದು ಮೂರನೆಯದರೊಂದಿಗೆ ಮಾತ್ರ ಎಂಬುದನ್ನು ಮನವರಿಕೆ ಮಾಡಿಕೊಂಡ ವಿದ್ಯಾರ್ಥಿಗೆ ಉಳಿದದ್ದೆಲ್ಲ ಬಹುಮಟ್ಟಿಗೆ ಅಭ್ಯಾಸದ ಮಾತು.

ಯಾವುದೇ ವಸ್ತು ಚಲಿಸುತ್ತಿದೆ ಎನ್ನುವ ಮೊದಲು ಯಾವುದಕ್ಕೆ ಹೋಲಿಸಿ ಎಂದು ಹೇಳಬೇಕಾಗುತ್ತದೆ. ಹೀಗೆ ಹೋಲಿಕೆಗೆಂದು ಆರಿಸಿಕೊಂಡ ನೆಲೆಗೆ ಆಧಾರ ಬಿಂದು ಎಂದು ಹೆಸರು. ಕ್ರಿ.ಶ. 499ರ ತನ್ನ ‘ಆರ್ಯಭಟೀಯ’ದಲ್ಲಿ ಆರ್ಯಭಟನು, ಮುಂದಕ್ಕೆ ಸಾಗುವ ದೋಣಿಯಲ್ಲಿ ಕುಳಿತವನಿಗೆ ದಡದ ಮೇಲಿನ ನಿಶ್ಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುವ ಹಾಗೆಯೇ, ತಿರುಗುವ ಭೂಮಿಯ ಮೇಲಿರುವವರಿಗೆ ನಿಶ್ಚಲವಾದ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ತೋರುತ್ತವೆ ಎಂದು ವಿವರಿಸಿದ್ದಾನೆ, ಸಾಪೇಕ್ಷ ಚಲನೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಇಂದಿನ ಪಠ್ಯಪುಸ್ತಕಗಳಲ್ಲೂ ಅಪರೂಪ. ಬೆಂಗಳೂರಿನ ತರಗತಿಯೊಂದರಲ್ಲಿ ಬೆಂಚಿನ ಮೇಲೆ ಅಲುಗಾಡದೆ ಕುಳಿತ ವಿದ್ಯಾರ್ಥಿಯು ಗೋಡೆಗೆ ಹೋಲಿಸಿದರೆ ನಿಶ್ಚಲ, ಭೂಮಿಯ ಅಕ್ಷಕ್ಕೆ ಹೋಲಿಸಿದರೆ ಗಂಟೆಗೆ 1,600 ಕಿ.ಮೀ.ಗೂ ಮೀರಿದ ಓಟದಲ್ಲಿರುವವನು. ಎರಡು ಹೇಳಿಕೆಗಳೂ ಸರಿ. ಆದ್ದರಿಂದ ಲೆಕ್ಕವೊಂದನ್ನು ಕೈಗೆತ್ತಿಕೊಂಡಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಆಧಾರ ಬಿಂದುವನ್ನು ಗುರುತಿಸಿ, ಯಾವ ದಿಕ್ಕನ್ನು ಧನವೆಂದು ಎಣಿಸಲಾಗುತ್ತದೆ ಎಂಬುದನ್ನು ಹಾಳೆಯ ಮೇಲೆ ಬಾಣದ ಗುರುತಿನಿಂದ ತೋರಿಸುವುದು. ಈ ಅರ್ಧ ನಿಮಿಷದ ಕೆಲಸವನ್ನು ಬಿಟ್ಟದ್ದರಿಂದ ಕಳೆದುಕೊಳ್ಳುವ ಅಂಕಗಳೇ ಹೆಚ್ಚು.

ದೂರ ಮತ್ತು ಸ್ಥಾನಪಲ್ಲಟಗಳ ವ್ಯತ್ಯಾಸವು ಸರಳವಾದದ್ದು. ವಸ್ತು ಕ್ರಮಿಸಿದ ಹಾದಿಯ ಒಟ್ಟು ಉದ್ದವು ದೂರ. ಹೊರಟ ಬಿಂದುವಿನಿಂದ ತಲುಪಿದ ಬಿಂದುವಿಗಿರುವ ನೇರ ಅಂತರವು, ದಿಕ್ಕಿನ ಸಹಿತವಾಗಿ, ಸ್ಥಾನಪಲ್ಲಟ. 400 ಮೀಟರ್ ಓಟದ ಪಥವನ್ನು ಒಂದು ಸುತ್ತು ಪೂರ್ಣವಾಗಿ ಓಡಿದವರು ಕ್ರಮಿಸಿದ ದೂರ 400 ಮೀಟರ್ ಆದರೆ ಅವರ ಸ್ಥಾನಪಲ್ಲಟ ಸೊನ್ನೆ. ಬರಿಯ ಪರಿಮಾಣವಿರುವ ದೂರದಂಥವು ಅದಿಶಗಳು, ಪರಿಮಾಣದ ಜೊತೆಗೆ ದಿಕ್ಕೂ ಇರುವ ಸ್ಥಾನಪಲ್ಲಟದಂಥವು ಸದಿಶಗಳು. ದೂರವನ್ನು ಕಾಲದಿಂದ ಭಾಗಿಸಿದರೆ ಜವ ದೊರೆಯುತ್ತದೆ. ಸ್ಥಾನಪಲ್ಲಟವನ್ನು ಕಾಲದಿಂದ ಭಾಗಿಸಿದರೆ ದೊರೆಯುವುದು ವೇಗ. ಆಡುಮಾತು ಎರಡಕ್ಕೂ ವೇಗವೆಂದೇ ಹೇಳುತ್ತದೆಯಾದರೂ ಭೌತವಿಜ್ಞಾನದಲ್ಲಿ ಈ ಭೇದವನ್ನು ಬಿಡುವಂತಿಲ್ಲ.

ಸರಾಸರಿಯನ್ನು ಕುರಿತ ಒಂದು ತಪ್ಪು ಪ್ರತಿವರ್ಷವೂ ಉತ್ತರಪತ್ರಿಕೆಗಳಲ್ಲಿ ತಪ್ಪದೆ ಕಾಣಿಸಿಕೊಳ್ಳುವಂಥದ್ದು. 120 ಕಿ.ಮೀ. ದೂರದ ಊರಿಗೆ ಗಂಟೆಗೆ 40 ಕಿ.ಮೀ. ಜವದಲ್ಲಿ ಹೋಗಿ, ಅದೇ ಹಾದಿಯಲ್ಲಿ ಗಂಟೆಗೆ 60 ಕಿ.ಮೀ. ಜವದಲ್ಲಿ ಹಿಂದಿರುಗಿದ ವಾಹನದ ಸರಾಸರಿ ಜವವೆಷ್ಟು ಎಂದು ಕೇಳಿದರೆ 40 ಮತ್ತು 60ರ ನಡುವಿನ 50 ಎಂಬ ಉತ್ತರ ಥಟ್ಟನೆ ಬರುತ್ತದೆ. ಹೋಗಲು 3 ಗಂಟೆ, ಬರಲು 2 ಗಂಟೆ ಹಿಡಿದಿರುವುದರಿಂದ 240 ಕಿ.ಮೀ.ಗೆ ತಗುಲಿದ ಕಾಲ 5 ಗಂಟೆ. ಸರಾಸರಿ ಜವ ಗಂಟೆಗೆ 48 ಕಿ.ಮೀ. ನಿಧಾನವಾಗಿ ಸಾಗಿದ ಕಾಲವೇ ಹೆಚ್ಚಾದ್ದರಿಂದ ಸರಾಸರಿಯು ಆ ಕಡೆಗೆ ವಾಲಿದೆ. ಅದೇ ಪ್ರಯಾಣದ ಸರಾಸರಿ ವೇಗವಾದರೋ ಸೊನ್ನೆ.

ಸರಾಸರಿಯು ಇಡೀ ಪ್ರಯಾಣವನ್ನು ಕುರಿತು ಹೇಳಿದರೆ, ವಾಹನದ ಸ್ಪೀಡೋಮೀಟರ್ ತೋರಿಸುವುದು ಆಯಾ ಕ್ಷಣದ ಜವವನ್ನು. ಕ್ಷಣಕ್ಕೆ ಉದ್ದವೇ ಇಲ್ಲದಿರುವಾಗ ಆ ಕ್ಷಣದಲ್ಲಿ ಕ್ರಮಿಸಿದ ದೂರವೆಂದರೇನು ಎಂಬ ಪ್ರಶ್ನೆಯು ಸಣ್ಣದಲ್ಲ. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಎರಡನೆಯ ಭಾಸ್ಕರನು ಗ್ರಹಗಳ ತಾತ್ಕಾಲಿಕ ಗತಿಯನ್ನು ಲೆಕ್ಕ ಹಾಕುವಾಗ ಎದುರಿಸಿದ್ದೂ, ಹದಿನೇಳನೆಯ ಶತಮಾನದಲ್ಲಿ ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರದ ಮೂಲಕ ಪರಿಹರಿಸಿದ್ದೂ ಇದನ್ನೇ. ಶಾಲೆಯ ಮಟ್ಟದಲ್ಲಿ, ಕಾಲದ ಅವಧಿಯನ್ನು ಕಿರಿದಾಗಿಸುತ್ತ ಹೋದಂತೆ ಸರಾಸರಿ ವೇಗವು ಯಾವ ಬೆಲೆಯತ್ತ ಸಾಗುತ್ತದೆಯೋ ಅದೇ ಆ ಕ್ಷಣದ ವೇಗ ಎಂದು ತಿಳಿದರೆ ಸಾಕು.

ವೇಗದ ಬದಲಾವಣೆಯ ದರ

ಪ್ರತಿ ಸೆಕೆಂಡಿಗೆ ವೇಗವು ಎಷ್ಟು ಬದಲಾಗುತ್ತದೆ ಎಂಬುದೇ ವೇಗೋತ್ಕರ್ಷ. ಅದರ ಏಕಮಾನವನ್ನು ‘ಮೀಟರ್ ಪ್ರತಿ ಸೆಕೆಂಡ್ ವರ್ಗ’ ಎಂದು ಬಾಯಿಪಾಠ ಮಾಡುವ ಬದಲು ‘ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ ಇಷ್ಟು ಮೀಟರ್’ ಎಂದು ಬಿಡಿಸಿ ಓದಿಕೊಂಡರೆ ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ. ವೇಗೋತ್ಕರ್ಷವು ಧನವಾಗಿದ್ದರೆ ವಸ್ತು ಚುರುಕಾಗುತ್ತದೆ, ಋಣವಾಗಿದ್ದರೆ ನಿಧಾನವಾಗುತ್ತದೆ ಎಂಬ ನಂಬಿಕೆಯು ಅರ್ಧಸತ್ಯ. ವೇಗ ಮತ್ತು ವೇಗೋತ್ಕರ್ಷಗಳ ದಿಕ್ಕು ಒಂದೇ ಆಗಿದ್ದರೆ ಚುರುಕು, ಎದುರುಬದುರಾಗಿದ್ದರೆ ನಿಧಾನ ಎಂಬುದು ಪೂರ್ಣಸತ್ಯ. ವೃತ್ತಾಕಾರದ ಪಥದಲ್ಲಿ ಒಂದೇ ಜವದಲ್ಲಿ ಸುತ್ತುವ ವಸ್ತುವಿನ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅದಕ್ಕೂ ವೇಗೋತ್ಕರ್ಷವಿದೆ ಎಂಬುದನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬಹುದು.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲಿಳಿದಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದ ಪರದೆಗಳ ಮೇಲೆ ದೇಶವೆಲ್ಲ ನೋಡುತ್ತಿದ್ದದ್ದು ಈ ಎದುರುಬದುರಾದ ದಿಕ್ಕುಗಳ ಆಟವನ್ನೇ. ಸುಮಾರು 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1,680 ಮೀಟರ್ ವೇಗದಲ್ಲಿ ಸಾಗುತ್ತಿದ್ದ ಲ್ಯಾಂಡರನ್ನು ಸುಮಾರು 19 ನಿಮಿಷಗಳಲ್ಲಿ, ಅಂದರೆ 1,140 ಸೆಕೆಂಡುಗಳಲ್ಲಿ, ಬಹುತೇಕ ಸೊನ್ನೆ ವೇಗಕ್ಕೆ ತರಬೇಕಾಗಿತ್ತು. 1,680ನ್ನು 1,140ರಿಂದ ಭಾಗಿಸಿದರೆ ಪ್ರತಿ ಸೆಕೆಂಡಿಗೆ ಸರಾಸರಿ ಒಂದೂವರೆ ಮೀಟರ್/ಸೆಕೆಂಡ್‌ನಷ್ಟು ವೇಗ ಕಡಿತವಾದದ್ದು ತಿಳಿಯುತ್ತದೆ. ಚಂದ್ರನಲ್ಲಿ ಗಾಳಿಯಿಲ್ಲದ್ದರಿಂದ ಪ್ಯಾರಾಚೂಟಿಗೆ ಅಲ್ಲಿ ಕೆಲಸವಿಲ್ಲ. ಚಲನೆಗೆ ಎದುರಾಗಿ ಎಂಜಿನ್ ಉರಿಸಿಯೇ ವೇಗವನ್ನು ತಗ್ಗಿಸಬೇಕು, ಜೊತೆಗೆ ಕೆಳಕ್ಕೆಳೆಯುವ ಚಂದ್ರನ ಗುರುತ್ವವನ್ನೂ ಅದೇ ಎಂಜಿನ್ ತಡೆದು ಹಿಡಿಯಬೇಕು.

ವೇಗೋತ್ಕರ್ಷವು ಸ್ಥಿರವಾಗಿರುವ ಚಲನೆಯ ನಿಯಮವನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಇಟಲಿಯ ಗೆಲಿಲಿಯೊ. ನೇರವಾಗಿ ಬೀಳುವ ವಸ್ತುವನ್ನು ಅಂದಿನ ಗಡಿಯಾರಗಳಿಂದ ಅಳೆಯಲಾಗದು ಎಂಬುದನ್ನು ಅರಿತಿದ್ದ ಆತನು ಬೀಳುವಿಕೆಯನ್ನೇ ನಿಧಾನಗೊಳಿಸಲು ಇಳಿಜಾರನ್ನು ಬಳಸಿದನು: ಸುಮಾರು 7 ಮೀಟರ್ ಉದ್ದದ ಮರದ ತೊಲೆಯಲ್ಲಿ ನಯವಾದ ತೋಡನ್ನು ಕೊರೆದು, ಅದಕ್ಕೆ ಚರ್ಮಪತ್ರವನ್ನು ಹೊದಿಸಿ, ಕಂಚಿನ ಗುಂಡನ್ನು ಉರುಳಿಬಿಟ್ಟು, ಅಷ್ಟು ಹೊತ್ತು ಸಣ್ಣ ನಳಿಕೆಯಿಂದ ಹರಿದ ನೀರನ್ನು ತೂಗಿ ಕಾಲವನ್ನು ಅಳೆದನು. 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಪ್ರಕಟವಾದ ಆತನ ಗ್ರಂಥದಲ್ಲಿ ಈ ಪ್ರಯೋಗದ ವಿವರವಿದೆ. ಗುಂಡು ಕ್ರಮಿಸಿದ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿತ್ತು. ಸಮನಾದ ಕಾಲಾವಧಿಗಳಲ್ಲಿ ಅದು ಉರುಳಿದ ದೂರಗಳು 1, 3, 5, 7 ಎಂಬ ಬೆಸಸಂಖ್ಯೆಗಳ ಪ್ರಮಾಣದಲ್ಲಿದ್ದು, ಅವುಗಳ ಮೊತ್ತವು 1, 4, 9, 16 ಎಂದು ಬೆಳೆಯುತ್ತಿತ್ತು.

ಈ ಪ್ರಯೋಗವನ್ನು ಮನೆಯ ಜಗಲಿಯಲ್ಲಿಯೇ ಮಾಡಬಹುದು, ಮಾಡಿಯೇ ತೀರಬೇಕು. 2 ಮೀಟರ್ ಉದ್ದದ ಅಲ್ಯೂಮಿನಿಯಂ ಚಾನಲ್ ಅಥವಾ ಉದ್ದುದ್ದಕ್ಕೆ ಸೀಳಿದ ಪಿವಿಸಿ ಪೈಪು, ಒಂದು ಗಾಜಿನ ಗೋಲಿ, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಮಗ್ರಿ ಪೂರ್ಣವಾಯಿತು. ಚಾನಲಿನ ಒಂದು ತುದಿಯನ್ನು ಆರೇಳು ಸೆಂಟಿಮೀಟರಿನಷ್ಟು ಮಾತ್ರ ಎತ್ತರಿಸಿ, ಗೋಲಿಯನ್ನು ಇಡುವ ಬಿಂದುವಿನಿಂದ 10, 40, 90, 160 ಸೆಂ.ಮೀ.ಗಳಲ್ಲಿ ಗುರುತು ಹಾಕಿ, ಗೋಲಿಯನ್ನು ತಳ್ಳದೆ ಬೆರಳನ್ನು ತೆಗೆದು ಬಿಡಬೇಕು. 160 ಸೆಂ.ಮೀ. ತಲುಪಲು ಸುಮಾರು ನಾಲ್ಕು ಸೆಕೆಂಡು ಹಿಡಿಯುತ್ತದೆ, 40 ಸೆಂ.ಮೀ.ಗೆ ಹಿಡಿಯುವ ಕಾಲವು ಅದರ ಕಾಲುಭಾಗವಾಗಿರದೆ ಸರಿಸುಮಾರು ಅರ್ಧದಷ್ಟಿರುತ್ತದೆ. ದೂರವು ನಾಲ್ಕರಷ್ಟಾಗಲು ಕಾಲವು ಎರಡರಷ್ಟಾದರೆ ಸಾಕು ಎಂಬ ಗೆಲಿಲಿಯೊನ ನಿಯಮ ಇದೇ. ಗುಂಡಿಯನ್ನು ಒತ್ತುವಾಗ ಕೈ ತಡವರಿಸುವುದರಿಂದ ಪ್ರತಿ ಅಳತೆಯಲ್ಲೂ ಸೆಕೆಂಡಿನ ಹತ್ತನೆಯ ಒಂದೆರಡು ಭಾಗ ಹೆಚ್ಚುಕಡಿಮೆಯಾಗುವುದು ಸಹಜ. ಹತ್ತು ಸಲ ಅಳೆದು ಸರಾಸರಿ ತೆಗೆಯುವುದು ಅದಕ್ಕೆ ಮದ್ದು. ಇಳಿಜಾರನ್ನು ಹೆಚ್ಚಿಸಿದರೆ ಪ್ರಯೋಗ ನೋಡಲು ಸೊಗಸಾದೀತು, ಅಳತೆ ಮಾತ್ರ ಕೆಡುತ್ತದೆ.

ನಕ್ಷೆಯಿಂದ ಸಮೀಕರಣಕ್ಕೆ

ಅಡ್ಡಗೆರೆಯ ಮೇಲೆ ಕಾಲವನ್ನೂ ಲಂಬಗೆರೆಯ ಮೇಲೆ ವೇಗವನ್ನೂ ಗುರುತಿಸಿ ಎಳೆಯುವ ನಕ್ಷೆಯನ್ನು ಓದಲು ಬಲ್ಲವರಿಗೆ ಸಮೀಕರಣಗಳನ್ನು ಉರುಹೊಡೆಯುವ ಅಗತ್ಯ ಬೀಳದು. ಹದಿನಾಲ್ಕನೆಯ ಶತಮಾನದ ಫ್ರಾನ್ಸಿನ ನಿಕೋಲ್ ಒರೆಮ್ ಎಂಬ ವಿದ್ವಾಂಸನು ಇಂಥ ಚಿತ್ರಗಳನ್ನು ಬರೆದು, ಗೆರೆಯ ಕೆಳಗಿನ ವಿಸ್ತೀರ್ಣವು ಕ್ರಮಿಸಿದ ದೂರವನ್ನು ಸೂಚಿಸುತ್ತದೆಂದು ಆಗಲೇ ತೋರಿಸಿದ್ದನು. ವೇಗವು ಸ್ಥಿರವಾಗಿದ್ದರೆ ಆ ವಿಸ್ತೀರ್ಣ ಒಂದು ಆಯತ. ವೇಗವು ಒಂದೇ ಸಮನೆ ಏರುತ್ತಿದ್ದರೆ ಆಯತದ ಮೇಲೊಂದು ತ್ರಿಭುಜ ಕೂರುತ್ತದೆ. ಆಯತದ ವಿಸ್ತೀರ್ಣವು ಆರಂಭಿಕ ವೇಗ ಮತ್ತು ಕಾಲಗಳ ಗುಣಲಬ್ಧ, ತ್ರಿಭುಜದ್ದು ವೇಗೋತ್ಕರ್ಷ ಮತ್ತು ಕಾಲದ ವರ್ಗಗಳ ಗುಣಲಬ್ಧದ ಅರ್ಧ; ಎರಡನ್ನೂ ಕೂಡಿದರೆ ಪಠ್ಯದ ಎರಡನೆಯ ಸಮೀಕರಣವೇ ಕೈಗೆ ಬರುತ್ತದೆ. ಗೆರೆಯ ಓರೆಯು ವೇಗೋತ್ಕರ್ಷವನ್ನು ತೋರಿಸುತ್ತದೆ ಎಂಬುದರಿಂದ ಮೊದಲನೆಯದು ಹೊರಡುತ್ತದೆ:

ಅಂತಿಮ ವೇಗ = ಆರಂಭಿಕ ವೇಗ + (ವೇಗೋತ್ಕರ್ಷ × ಕಾಲ)
ಸ್ಥಾನಪಲ್ಲಟ = (ಆರಂಭಿಕ ವೇಗ × ಕಾಲ) + ½ (ವೇಗೋತ್ಕರ್ಷ × ಕಾಲದ ವರ್ಗ)
ಅಂತಿಮ ವೇಗದ ವರ್ಗ = ಆರಂಭಿಕ ವೇಗದ ವರ್ಗ + 2 (ವೇಗೋತ್ಕರ್ಷ × ಸ್ಥಾನಪಲ್ಲಟ)

ಮೂರನೆಯದು ಮೊದಲೆರಡರಿಂದ ಕಾಲವನ್ನು ನಿವಾರಿಸಿ ಪಡೆದದ್ದು. ಆದ್ದರಿಂದ ಸಮೀಕರಣವನ್ನು ಆರಿಸಿಕೊಳ್ಳುವ ಸುಲಭೋಪಾಯವೆಂದರೆ ಲೆಕ್ಕದಲ್ಲಿ ಕೊಡದೆಯೂ ಕೇಳದೆಯೂ ಬಿಟ್ಟಿರುವ ರಾಶಿ ಯಾವುದೆಂದು ನೋಡುವುದು: ಸ್ಥಾನಪಲ್ಲಟದ ಸುದ್ದಿಯೇ ಇಲ್ಲದಿದ್ದರೆ ಮೊದಲನೆಯದು, ಅಂತಿಮ ವೇಗದ ಸುದ್ದಿಯಿಲ್ಲದಿದ್ದರೆ ಎರಡನೆಯದು, ಕಾಲದ ಸುದ್ದಿಯಿಲ್ಲದಿದ್ದರೆ ಮೂರನೆಯದು. ಗಂಟೆಗೆ ಕಿಲೋಮೀಟರಿನಲ್ಲಿ ಕೊಟ್ಟ ಬೆಲೆಯನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿ ಸೆಕೆಂಡಿಗೆ ಮೀಟರಿಗೆ ತಂದುಕೊಳ್ಳುವುದು ಇದಕ್ಕೂ ಮೊದಲು ಆಗಬೇಕಾದ ಕೆಲಸ.

ಚಿಹ್ನೆಗಳ ಮಹತ್ವವು ಮೇಲಕ್ಕೆಸೆದ ಚೆಂಡಿನ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ನೆಟ್ಟಗೆ ಮೇಲಕ್ಕೆಸೆದ ಚೆಂಡಿಗೆ, ಮೇಲ್ಮುಖವನ್ನು ಧನವೆಂದೆಣಿಸಿ ಗಾಳಿಯ ತಡೆಯನ್ನು ಬದಿಗಿಟ್ಟರೆ, ಗುರುತ್ವ ವೇಗೋತ್ಕರ್ಷವು −9.8. ಪ್ರತಿ ಸೆಕೆಂಡಿನ ಕೊನೆಗೆ ಅದರ ವೇಗವು 9.8, 0, −9.8, −19.6 ಎಂದು ಇಳಿಯುತ್ತ ಹೋಗುತ್ತದೆ. 2 ಸೆಕೆಂಡಿನಲ್ಲಿ 19.6 ಮೀಟರ್ ಎತ್ತರವನ್ನು ತಲುಪಿ, 4 ಸೆಕೆಂಡಿಗೆ ಕೈಗೆ ಮರಳುತ್ತದೆ. ತುತ್ತತುದಿಯಲ್ಲಿ ವೇಗವು ಸೊನ್ನೆಯಾದಾಗ ವೇಗೋತ್ಕರ್ಷವೂ ಸೊನ್ನೆಯಾಗುತ್ತದೆಯೇ ಎಂಬ ಪ್ರಶ್ನೆಗೆ ಬಹಳ ಮಂದಿ ಹೌದೆನ್ನುತ್ತಾರೆ. ಅದು ನಿಜವಾಗಿದ್ದಲ್ಲಿ ಚೆಂಡು ಅಲ್ಲಿಯೇ ನೇತಾಡುತ್ತ ನಿಂತುಬಿಡಬೇಕಾಗಿತ್ತು. ಆ ಕ್ಷಣದಲ್ಲಿಯೂ ವೇಗೋತ್ಕರ್ಷವು −9.8 ಆಗಿರುವುದರಿಂದಲೇ ಸೊನ್ನೆಯಾಗಿದ್ದ ವೇಗವು ಮರುಕ್ಷಣವೇ ಕೆಳಮುಖವಾಗುತ್ತದೆ.

ಮೂರನೆಯ ಸಮೀಕರಣವು ರಸ್ತೆಯ ಮೇಲೆ ಜೀವನ್ಮರಣದ ಲೆಕ್ಕವಾಗುತ್ತದೆ. ಬ್ರೇಕು ಹಿಡಿದಾಗ ವಾಹನದ ವೇಗವು ಪ್ರತಿ ಸೆಕೆಂಡಿಗೆ 5 ಮೀಟರ್/ಸೆಕೆಂಡ್‌ನಷ್ಟು ಇಳಿಯುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್ ವೇಗದ ವಾಹನವು ನಿಲ್ಲುವ ಮೊದಲು 10 ಮೀಟರ್ ಸಾಗುತ್ತದೆ. ಗಂಟೆಗೆ 72 ಕಿ.ಮೀ. ವೇಗದ್ದು 40 ಮೀಟರ್. ವೇಗವು ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರವು ನಾಲ್ಮಡಿಯಾಗುತ್ತದೆ. ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡನ್ನೂ ಸೇರಿಸಿದರೆ ಈ ಅಂಕಿಗಳು 20 ಮತ್ತು 60 ಮೀಟರ್ ಆಗುತ್ತವೆ. ಪ್ರತಿಕ್ರಿಯೆಗೆ ಹಿಡಿಯುವ ಕಾಲವನ್ನು 30 ಸೆಂ.ಮೀ. ಅಳತೆಪಟ್ಟಿಯಿಂದ ತಿಳಿಯಬಹುದು: ಒಬ್ಬರು ಪಟ್ಟಿಯನ್ನು ಲಂಬವಾಗಿ ಹಿಡಿದು ಹೇಳದೆ ಬಿಟ್ಟಾಗ, ಸೊನ್ನೆಯ ಗುರುತಿನ ಬಳಿ ಬೆರಳುಗಳನ್ನು ಅಗಲಿಸಿ ಕಾಯುತ್ತಿರುವವರು ಅದನ್ನು 20 ಸೆಂ.ಮೀ. ಗುರುತಿನಲ್ಲಿ ಹಿಡಿದರೆ, ಎರಡನೆಯ ಸಮೀಕರಣದ ಪ್ರಕಾರ ಕಳೆದ ಕಾಲ ಸುಮಾರು 0.2 ಸೆಕೆಂಡು. ಮೈಯೆಲ್ಲ ಎಚ್ಚರವಾಗಿ ಕಾಯುತ್ತಿರುವವರಿಗೇ ಇಷ್ಟು ಬೇಕು. ಚಾಲಕನಿಗೆ ಅಷ್ಟರಲ್ಲಿ ಮುಗಿಯದು.

ಬಲದ ಪಾತ್ರ

ವಸ್ತುವೊಂದು ಚಲಿಸುತ್ತಲೇ ಇರಬೇಕಾದರೆ ಅದನ್ನು ತಳ್ಳುತ್ತಲೇ ಇರಬೇಕು ಎಂಬುದು ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆ, ಮತ್ತು ಕಪಾಟನ್ನು ನೆಲದ ಮೇಲೆ ಸರಿಸಿ ನೋಡಿದವರಾರಿಗೂ ಅದು ಸರಿಯೆಂದೇ ತೋರುತ್ತದೆ. ಗೆಲಿಲಿಯೊ ಇದನ್ನು ಇಳಿಜಾರುಗಳ ಮೂಲಕವೇ ಒರೆಗೆ ಹಚ್ಚಿದನು. ಒಂದು ಇಳಿಜಾರಿನಿಂದ ಉರುಳಿದ ಗುಂಡು ಎದುರಿನ ಏರಿನಲ್ಲಿ ಹೆಚ್ಚುಕಡಿಮೆ ಹೊರಟಷ್ಟೇ ಎತ್ತರಕ್ಕೆ ಏರುತ್ತದೆ. ಆ ಏರನ್ನು ತಗ್ಗಿಸಿದಷ್ಟೂ ಅದೇ ಎತ್ತರವನ್ನು ಮುಟ್ಟಲು ಹೆಚ್ಚು ದೂರ ಸಾಗಬೇಕಾಗುತ್ತದೆ. ಏರೇ ಇಲ್ಲದೆ ಸಮತಟ್ಟಾಗಿದ್ದು, ತಡೆಯುವ ಘರ್ಷಣೆಯೂ ಇಲ್ಲದಿದ್ದರೆ ಗುಂಡಿಗೆ ನಿಲ್ಲಲು ಕಾರಣವೇ ಉಳಿಯದು. ಕಪಾಟನ್ನು ಒಂದೇ ವೇಗದಲ್ಲಿ ಸರಿಸಲು ತಳ್ಳುತ್ತಿರಬೇಕಾದದ್ದು ನೆಲದ ಘರ್ಷಣೆಯನ್ನು ಸರಿದೂಗಿಸುವುದಕ್ಕಾಗಿ. ತಳ್ಳುವ ಬಲವೂ ಘರ್ಷಣೆಯೂ ಸಮನಾಗಿರುವಾಗ ಒಟ್ಟು ಬಲ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ, ವೇಗ ಮಾತ್ರ ಇದ್ದಷ್ಟೇ ಇರುತ್ತದೆ. 1977ರಲ್ಲಿ ಹಾರಿಸಿದ ವಾಯೇಜರ್-1 ನೌಕೆಯು ಹಿಂದಿನಿಂದ ಯಾವ ಎಂಜಿನ್ನೂ ತಳ್ಳದೆ ಸೆಕೆಂಡಿಗೆ ಸುಮಾರು 17 ಕಿ.ಮೀ. ವೇಗದಲ್ಲಿ ಇಂದಿಗೂ ಸೂರ್ಯನಿಂದ ದೂರ ಸಾಗುತ್ತಿರುವುದು ಇದಕ್ಕೆ ಸಾಕ್ಷಿ.

ಹೀಗೆ ಇದ್ದ ಸ್ಥಿತಿಯಲ್ಲೇ ಮುಂದುವರಿಯುವ ಗುಣಕ್ಕೆ ಜಡತ್ವವೆಂದು ಹೆಸರು. ಇದನ್ನು ನ್ಯೂಟನ್ನನು 1687ರ ‘ಪ್ರಿನ್ಸಿಪಿಯ’ದಲ್ಲಿ ತನ್ನ ಮೊದಲ ನಿಯಮವಾಗಿ ಇರಿಸಿದನು. ಬಸ್ಸು ಥಟ್ಟನೆ ನಿಂತಾಗ ನಿಂತ ಪ್ರಯಾಣಿಕರು ಮುಂದಕ್ಕೆ ವಾಲುವುದು ಯಾರೋ ತಳ್ಳಿದ್ದರಿಂದಲ್ಲ. ಬಸ್ಸು ನಿಧಾನವಾದರೂ ಅವರ ಮೈಯನ್ನು ಅಷ್ಟೇ ಬೇಗ ನಿಧಾನಗೊಳಿಸುವ ಬಲ ಸಿಗದಿರುವುದರಿಂದ. ಸೀಟ್‌ಬೆಲ್ಟು ಒದಗಿಸುವುದು ಆ ಬಲವನ್ನು.

ಎರಡನೆಯ ನಿಯಮದ ಪ್ರಕಾರ ಒಟ್ಟು ಬಲವು ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ. ಇಲ್ಲಿ ‘ಒಟ್ಟು’ ಎಂಬ ಪದವನ್ನು ನುಂಗಿಬಿಡುವುದೇ ಹಲವು ತಪ್ಪುಗಳ ಮೂಲ: 10 ಕಿ.ಗ್ರಾಂ. ಪೆಟ್ಟಿಗೆಯನ್ನು 20 ನ್ಯೂಟನ್ ಬಲದಿಂದ ತಳ್ಳುವಾಗ ಘರ್ಷಣೆಯು 5 ನ್ಯೂಟನ್ ಎದುರು ಎಳೆಯುತ್ತಿದ್ದರೆ ಲೆಕ್ಕಕ್ಕೆ ಬರುವುದು 15 ನ್ಯೂಟನ್, ವೇಗೋತ್ಕರ್ಷ 1.5. ದ್ರವ್ಯರಾಶಿಯು ವಸ್ತು ಎಲ್ಲಿದ್ದರೂ ಬದಲಾಗದು, ತೂಕವೆಂಬುದು ಆ ವಸ್ತುವಿನ ಮೇಲಿನ ಗುರುತ್ವಬಲ, 50 ಕಿ.ಗ್ರಾಂ. ದ್ರವ್ಯರಾಶಿಯ ವಿದ್ಯಾರ್ಥಿಯ ತೂಕ ಭೂಮಿಯ ಮೇಲೆ 490 ನ್ಯೂಟನ್, ಚಂದ್ರನ ಮೇಲೆ ಸುಮಾರು 81 ನ್ಯೂಟನ್. ದ್ರವ್ಯರಾಶಿ ಹೆಚ್ಚಾದಷ್ಟೂ ಗುರುತ್ವದ ಸೆಳೆತವೂ ಅಷ್ಟೇ ಪಾಲು ಹೆಚ್ಚುವುದರಿಂದ, ಭಾಗಿಸಿದಾಗ ವೇಗೋತ್ಕರ್ಷವು ಎಲ್ಲ ವಸ್ತುಗಳಿಗೂ ಒಂದೇ ಆಗಿ ಉಳಿಯುತ್ತದೆ. 1971ರ ಆಗಸ್ಟಿನಲ್ಲಿ ಅಪೊಲೊ-15ರ ಗಗನಯಾನಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನೆಲದ ಮೇಲೆ ಸುತ್ತಿಗೆಯನ್ನೂ ಡೇಗೆಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟಾಗ ಎರಡೂ ಏಕಕಾಲಕ್ಕೆ ನೆಲ ಮುಟ್ಟಿದವು.

ಮೂರನೆಯ ನಿಯಮವು ಎಲ್ಲರ ಬಾಯಲ್ಲೂ ಇದೆ, ಆದರೆ ಕ್ರಿಯೆ ಮತ್ತು ಪ್ರತಿಕ್ರಿಯೆಗಳು ಎರಡು ಬೇರೆ ವಸ್ತುಗಳ ಮೇಲೆ ವರ್ತಿಸುತ್ತವೆ ಎಂಬ ಅಂಶವು ಅಷ್ಟಾಗಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಎತ್ತು ಗಾಡಿಯನ್ನು ಎಳೆದಷ್ಟೇ ಬಲದಿಂದ ಗಾಡಿಯೂ ಎತ್ತನ್ನು ಹಿಂದಕ್ಕೆಳೆಯುತ್ತದೆ. ಹಾಗಿದ್ದೂ ಗಾಡಿ ಮುಂದೆ ಹೋಗುವುದು ಹೇಗೆಂದರೆ, ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತಿದಾಗ ನೆಲವು ಎತ್ತನ್ನು ಮುಂದಕ್ಕೆ ಒತ್ತುತ್ತದೆ, ಆ ಒತ್ತಡವು ಗಾಡಿಯ ಸೆಳೆತವನ್ನು ಮೀರಿದಾಗ ಎತ್ತೂ, ಎತ್ತಿನ ಎಳೆತವು ಚಕ್ರಗಳ ತಡೆಯನ್ನು ಮೀರಿದಾಗ ಗಾಡಿಯೂ ಕದಲುತ್ತವೆ.

ಸಮೀಕರಣಗಳಿಗೊಂದು ಎಲ್ಲೆಯಿದೆ, ಅದನ್ನು ಜೋಗದಲ್ಲಿ ನೋಡಬಹುದು. ಶರಾವತಿಯ ರಾಜ ಧಾರೆಯು ಒಂದೇ ನೆಗೆತಕ್ಕೆ 253 ಮೀಟರ್ ಬೀಳುತ್ತದೆ. ಎರಡನೆಯ ಸಮೀಕರಣದಲ್ಲಿ ಈ ಎತ್ತರವನ್ನು ಹಾಕಿದರೆ ಬೀಳಲು ಬೇಕಾದ ಕಾಲ ಸುಮಾರು 7.2 ಸೆಕೆಂಡು, ತಳ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 70 ಮೀಟರ್, ಅಂದರೆ ಗಂಟೆಗೆ 250 ಕಿ.ಮೀ.ಗೂ ಹೆಚ್ಚು ಎಂಬ ಉತ್ತರ ಬರುತ್ತದೆ. ಆದರೆ ಬೀಳುತ್ತ ಬೀಳುತ್ತ ಧಾರೆ ಒಡೆದು ಹನಿಗಳಾಗಿ ಚದುರುವುದರಿಂದ ಗಾಳಿಯ ತಡೆಯನ್ನು ಬದಿಗಿಡುವಂತಿಲ್ಲ, ಮತ್ತು ಆ ತಡೆಯು ವೇಗದೊಂದಿಗೆ ಏರುವುದರಿಂದ ವೇಗೋತ್ಕರ್ಷವು ಸ್ಥಿರವಾಗಿರದೆ ಕ್ಷೀಣಿಸುತ್ತ ಹೋಗುತ್ತದೆ. ಸ್ಥಿರ ವೇಗೋತ್ಕರ್ಷಕ್ಕೆಂದೇ ಇರುವ ಆ ಮೂರು ಸಮೀಕರಣಗಳಿಗೆ ಇಲ್ಲಿ ಅಧಿಕಾರವಿಲ್ಲ. ಗಾಳಿಯ ತಡೆಯು ತೂಕಕ್ಕೆ ಸಮನಾದಾಗ ಒಟ್ಟು ಬಲವು ಸೊನ್ನೆಯಾಗಿ, ಹನಿಯು ಮುಂದೆ ಒಂದೇ ವೇಗದಲ್ಲಿ ಇಳಿಯುತ್ತದೆ, ಇದಕ್ಕೆ ಅಂತ್ಯವೇಗವೆನ್ನಬಹುದು. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಮಳೆಹನಿಯು ಗಾಳಿಯೇ ಇಲ್ಲದಿದ್ದಲ್ಲಿ ಗಂಟೆಗೆ 700 ಕಿ.ಮೀ. ಮೀರಿದ ವೇಗದಲ್ಲಿ ತಲೆಗೆ ಬಡಿಯಬೇಕಾಗಿತ್ತು. ಅತಿ ದಪ್ಪ ಹನಿಯೂ ನೆಲ ಮುಟ್ಟುವುದು ಸೆಕೆಂಡಿಗೆ ಸುಮಾರು 9 ಮೀಟರ್, ಅಂದರೆ ಗಂಟೆಗೆ ಮೂವತ್ತೆರಡು ಕಿಲೋಮೀಟರಿನ ಆಸುಪಾಸಿನಲ್ಲಿ.